ಕಟ್ಟು ಬಿಚ್ಚುವವರು



ಸಂತ ಯೊವಾನ್ನರ ಶುಭಸಂದೇಶದ ಹನ್ನೊಂದನೆಯ ಅಧ್ಯಾಯವನ್ನು ನಾವು ಹೆಚ್ಚಾಗಿ ಕೇಳುವುದು ಶವಸಂಸ್ಕಾರದ ದಿನ. ಲಾಸರನು ತೀರಿಹೋಗಿ ನಾಲ್ಕು ದಿನವಾಗಿತ್ತು. ಯೇಸುಸ್ವಾಮಿ ಸಮಾಧಿಯ ಮುಂದೆ ನಿಂತು ಹೆಸರು ಹಿಡಿದು ಕರೆದರು. ಅವನು ಹೊರಗೆ ಬಂದ. ಆದರೆ ಹೇಗೆ ಬಂದ? ಕೈಕಾಲುಗಳಿಗೆ ಶವವಸ್ತ್ರ ಸುತ್ತಿದ ಹಾಗೆಯೇ, ಮುಖಕ್ಕೆ ಬಟ್ಟೆ ಕಟ್ಟಿದ ಹಾಗೆಯೇ ಬಂದ. ಸತ್ತವನಿಗೆ ಜೀವ ಕೊಟ್ಟ ಪ್ರಭುವಿಗೆ ಒಂದು ಬಟ್ಟೆಯ ಗಂಟು ಬಿಚ್ಚುವುದು ಏನು ಮಹಾ? ಆದರೂ ಅವರು ಬಿಚ್ಚಲಿಲ್ಲ. ಆ ಕೆಲಸವನ್ನು ಸುತ್ತ ನಿಂತವರಿಗೆ ಒಪ್ಪಿಸಿದರು. ನಾಲ್ಕು ದಿನದ ಶವದ ವಾಸನೆಯ ಬಗ್ಗೆ ಮಾರ್ತಳು ಮೊದಲೇ ಎಚ್ಚರಿಸಿದ್ದಳು, ನೆನಪಿದೆಯೇ? ಕಟ್ಟು ಬಿಚ್ಚಬೇಕಾದವನು ಹತ್ತಿರ ಹೋಗಬೇಕು. ಮೂಗು ಮುಚ್ಚಿಕೊಂಡು ದೂರದಲ್ಲಿ ನಿಂತವನಿಂದ ಅದು ಆಗುವ ಕೆಲಸವಲ್ಲ.

ಈ ವಾರ ಬರೆಯಹೊರಟಿರುವುದು ಅಂತಹ ಒಂದು ಕಟ್ಟಿನ ಬಗ್ಗೆ, ಅದನ್ನು ಬಿಚ್ಚಲು ತಕ್ಕ ಕೈ ಯಾರದ್ದು ಎಂಬುದರ ಬಗ್ಗೆ.

ಕುಡಿತದ ವಿಷಯ ನಮ್ಮ ಊರಿನಲ್ಲಿ ಗುಟ್ಟಲ್ಲ. ಪ್ರವಚನಗಳಲ್ಲಿ ಹೇಳಿದ್ದೇವೆ, ವಾಳೆಯ ಕೂಟಗಳಲ್ಲಿ ಚರ್ಚಿಸಿದ್ದೇವೆ. ಗಾಂಜಾ, ಎಂಡಿಎಂಎ ಹಿಡಿದ ಸುದ್ದಿ ಮಣಿಪಾಲದ ಹೆಸರಿನೊಂದಿಗೆ ಪತ್ರಿಕೆಯಲ್ಲಿ ಬಂದರೆ, ಹೊರಗಿನಿಂದ ಓದಲು ಬಂದ ಮಕ್ಕಳಿರಬೇಕು ಎಂದು ಸಮಾಧಾನ ಮಾಡಿಕೊಂಡು ಪುಟ ತಿರುವುತ್ತೇವೆ. ಮೂರನೆಯದೊಂದು ಇದೆ. ಅದಕ್ಕೆ ವಾಸನೆಯಿಲ್ಲ, ತೂರಾಟವಿಲ್ಲ, ಆದ್ದರಿಂದ ಮನೆಯವರಿಗೆ ತಿಳಿಯುವಾಗ ತಡವಾಗಿರುತ್ತದೆ. ಅದು ಅಫೀಮಿನ ಜಾತಿಗೆ ಸೇರಿದ ಮದ್ದು. ಬ್ರೌನ್ ಶುಗರ್ ಎಂದು ಕರೆಯುವ ಹೆರಾಯಿನ್ ಅದೇ ಕುಟುಂಬದ್ದು. ಟ್ರಮಡಾಲ್, ಟಪೆಂಟಡಾಲ್ ಎಂಬ ನೋವಿನ ಮಾತ್ರೆಗಳೂ ಅದೇ ಕುಟುಂಬದವು. ಟ್ರಮಡಾಲ್ ದುರುಪಯೋಗ ಎಷ್ಟು ಹಬ್ಬಿತ್ತೆಂದರೆ 2018ರಲ್ಲಿ ಸರಕಾರ ಅದನ್ನು ಮಾದಕವಸ್ತು ಕಾಯ್ದೆಯ ಕೆಳಗೆ ತಂದಿತು. ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ಸಂಸ್ಥೆಯವರು ಮಾಡಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಈ ಜಾತಿಯ ಪದಾರ್ಥಗಳನ್ನು ಬಳಸುತ್ತಾರೆ. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ಚಿಕಿತ್ಸೆಯ ನೆರವು ಬೇಕು. ಇದು ಪಂಜಾಬಿನ ಕಾಯಿಲೆ, ಮಣಿಪುರದ ಕಾಯಿಲೆ ಎಂದುಕೊಳ್ಳಬೇಡಿ. ಕಾಪುವಿನಂತಹ ಊರಿನ ಪಾದ್ರಿಯ ಬಳಿಗೂ ತಾಯಂದಿರು ಬರುತ್ತಾರೆ.

ನಮ್ಮ ದೇಹ ನೋವು ತಗ್ಗಿಸಲು ತಾನೇ ಕೆಲವು ರಸಗಳನ್ನು ತಯಾರಿಸುತ್ತದೆ. ಅದೇ ಕೆಲಸವನ್ನು ಹೊರಗಿನ ಮದ್ದು ಹತ್ತು ಪಟ್ಟು ಜೋರಾಗಿ ಮಾಡತೊಡಗಿದರೆ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ನಿನ್ನೆ ಸಾಕಾದದ್ದು ಇಂದು ಸಾಲದು. ನಿಲ್ಲಿಸಿದರೋ, ಬೆವರು, ಮೈಕೈ ಸೆಳೆತ, ಮೂಗು ಕಣ್ಣುಗಳಲ್ಲಿ ನೀರು, ವಾಂತಿ, ಭೇದಿ, ವಾರಗಟ್ಟಲೆ ನಿದ್ದೆಯಿಲ್ಲ. ಒಂದು ಹಂತದ ಬಳಿಕ ಅವನು ಮದ್ದು ತೆಗೆದುಕೊಳ್ಳುವುದು ಸುಖಕ್ಕಲ್ಲ, ಎದ್ದು ನಿಲ್ಲುವುದಕ್ಕೆ. ಇದನ್ನು ತಿಳಿಯದೆ ನಾವು ಅವನಿಗೆ ಮನಸ್ಸು ಗಟ್ಟಿ ಮಾಡಿಕೊ ಎನ್ನುತ್ತೇವೆ.

ಒಬ್ಬ ಯುವಕನ ಕಥೆ ಹೇಳುತ್ತೇನೆ. ಅವನೇ ಬರೆಯಲು ಒಪ್ಪಿಗೆ ಕೊಟ್ಟಿದ್ದಾನೆ, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಹೆದ್ದಾರಿಯಲ್ಲಿ ಬೈಕು ಮಗುಚಿ ಕಾಲಿಗೆ ರಾಡ್ ಹಾಕಿಸಿಕೊಂಡ. ನೋವಿಗೆ ಕೊಟ್ಟ ಮಾತ್ರೆ ಚೀಟಿ ಮುಗಿದ ಮೇಲೂ ಮುಗಿಯಲಿಲ್ಲ. ಬೇರೆ ಕಡೆಯಿಂದ ಸಿಗತೊಡಗಿತು, ಆಮೇಲೆ ಸೂಜಿಯೂ ಬಂತು. ಶಂಕರಪುರದ ಕಡೆಯ ಎಷ್ಟೋ ಮನೆಗಳಂತೆ ಅವರ ಹಿತ್ತಲಲ್ಲೂ ಮಲ್ಲಿಗೆ ಗಿಡಗಳಿವೆ. ತಾಯಿ ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಟ್ಟೆಯ ಲೆಕ್ಕದಲ್ಲಿ ಕೊಟ್ಟು, ಬಂದ ಹಣವನ್ನು ಅಕ್ಕಿ ಡಬ್ಬದೊಳಗೆ ಇಡುತ್ತಿದ್ದರು. ಡಬ್ಬ ಬರಿದಾಯಿತು. ಆಮೇಲೆ ಅವರ ಕಿವಿಯ ಓಲೆ ಹೋಯಿತು. ಆಗಲೂ ಅವರು ಊರಿಗೆಲ್ಲ ಹೇಳಿದ್ದು ಮಗನಿಗೆ ಕಾಲು ನೋವು ಎಂದೇ.

ಚಿಕಿತ್ಸೆ ಸಿಕ್ಕಿತು, ಒಳ್ಳೆಯ ವೈದ್ಯರೇ ಸಿಕ್ಕಿದರು. ಮನೆಗೆ ಬಂದ ಮೇಲೆ ಬಂಧುಗಳು ಒಬ್ಬೊಬ್ಬರಾಗಿ ಬಂದರು. ದೊಡ್ಡಪ್ಪ ಗಲ್ಫಿನಿಂದ ಫೋನು ಮಾಡಿದರು. ಗುರ್ಕಾರರು ಬಂದರು, ನಾನೂ ಹೋಗಿ ಪ್ರಾರ್ಥಿಸಿ ಬಂದೆ. ಎಲ್ಲರದೂ ಒಳ್ಳೆಯ ಮಾತೇ. ಆದರೆ ಎಲ್ಲ ಮಾತೂ ಮೇಲಿನಿಂದ ಕೆಳಕ್ಕೆ ಬೀಳುತ್ತಿತ್ತು. ಹುಡುಗ ತಲೆ ತಗ್ಗಿಸಿ ಹೂಂಗುಟ್ಟುತ್ತಿದ್ದ.

ಅನಂತರ ವೈದ್ಯರ ಮೂಲಕ ಒಬ್ಬರ ಪರಿಚಯವಾಯಿತು. ಮಲ್ಪೆಯಲ್ಲಿ ಬೋಟಿನ ಕೆಲಸ ಮಾಡುವ ಮೊಗವೀರರು, ನಲವತ್ತು ದಾಟಿದವರು. ಇದೇ ಸೂಜಿಯಿಂದ ಬಿಡಿಸಿಕೊಂಡು ಎಂಟು ವರ್ಷವಾಗಿದೆ. ಅವರು ಬಂದು ಜಗಲಿಯಲ್ಲಿ ಕುಳಿತು, ಕೊಟ್ಟ ಚಹಾ ಕುಡಿದು, ಕೇಳಿದ್ದು ಒಂದೇ ಪ್ರಶ್ನೆ: “ರಾತ್ರಿ ಕಾಲು ಸುಮ್ಮನೆ ನಿಲ್ಲುವುದಿಲ್ಲ ಅಲ್ಲವಾ ಮಾರಾಯ?” ಹುಡುಗ ತಲೆ ಎತ್ತಿದ. ಇಷ್ಟು ಜನ ಬಂದುಹೋದರೂ ಆ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದು ಸಾಧ್ಯವೂ ಇರಲಿಲ್ಲ.

ಅಂದಿನಿಂದ ದಿನಾ ರಾತ್ರಿ ಒಂಬತ್ತಕ್ಕೆ ಒಂದು ಫೋನು. ಯಾವ ಅಂಗಡಿಯ ಮುಂದಿನಿಂದ ಹಾದುಹೋಗಬಾರದು, ಕೈಯಲ್ಲಿ ಎಷ್ಟಕ್ಕಿಂತ ಹೆಚ್ಚು ಹಣ ಇಟ್ಟುಕೊಳ್ಳಬಾರದು, ಸಂಜೆ ಆರರಿಂದ ಎಂಟರವರೆಗೆ ಏನು ಮಾಡಬೇಕು, ಇಂತಹ ಮಾತುಗಳೇ. ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಹುಡುಗ ಜಾರಿಬಿದ್ದ. ಆಗ ಫೋನು ಮಾಡಿದ್ದು ತಾಯಿಗಲ್ಲ, ನನಗಲ್ಲ. ಆ ಮನುಷ್ಯ ಸ್ಕೂಟರಿನಲ್ಲಿ ಬಂದರು. ನಾನು ಮೊದಲೇ ಹೇಳಿರಲಿಲ್ಲವಾ ಎಂದು ಕೇಳಲಿಲ್ಲ. ಎಷ್ಟು ತೆಗೆದುಕೊಂಡೆ, ಯಾವಾಗ ಎಂದು ಕೇಳಿದರು. ವೈದ್ಯರ ಬಳಿಗೆ ಕರೆದುಕೊಂಡು ಹೋದರು. ಮರುದಿನ ಒಂಬತ್ತಕ್ಕೆ ಮತ್ತೆ ಫೋನು ಬಂತು.

ಸೆಮಿನರಿಯಲ್ಲಿ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ವಿಚಾರ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದುಂಟು. ಒಂದು ಸದ್ಗುಣವನ್ನು ಎರಡು ರೀತಿಯಲ್ಲಿ ಅರಿಯಬಹುದು. ಶಾಸ್ತ್ರ ಓದಿ ಅರಿಯುವವನು ಒಬ್ಬ, ಅದನ್ನು ಬಾಳಿ ಮೈಗೂಡಿಸಿಕೊಂಡು ಒಳಗಿನಿಂದ ಅರಿಯುವವನು ಇನ್ನೊಬ್ಬ. ವ್ಯಸನಮುಕ್ತಿಯ ವಿಷಯದಲ್ಲಿ ನಾನು ಮೊದಲನೆಯವನು, ಆ ಮೊಗವೀರರು ಎರಡನೆಯವರು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲಿ ಸಂತ ಪೌಲರೂ ಇದನ್ನೇ ಹೇಳುತ್ತಾರೆ: ನಮ್ಮ ಸಂಕಟದಲ್ಲಿ ದೇವರು ನಮ್ಮನ್ನು ಸಂತೈಸುವುದು, ಆ ಸಾಂತ್ವನವನ್ನೇ ನಾವು ಸಂಕಟದಲ್ಲಿರುವ ಇತರರಿಗೆ ದಾಟಿಸಲಿ ಎಂದು. ಪೌಲರ ಈ ಲೆಕ್ಕದಲ್ಲಿ ಪಡೆದವನೇ ಕೊಡುವವನು.

ಇದನ್ನು ಒಬ್ಬ ಕುಡುಕ ಪುಸ್ತಕವಿಲ್ಲದೆ ಕಂಡುಕೊಂಡ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ನಗರ. ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವನು ವ್ಯಾಪಾರ ಕೆಟ್ಟು ಹೋಟೆಲಿನಲ್ಲಿ ಒಂಟಿಯಾಗಿ ನಿಂತಿದ್ದ. ಬಿಟ್ಟು ಕೆಲವೇ ತಿಂಗಳಾಗಿತ್ತು, ಪಕ್ಕದಲ್ಲೇ ಬಾರ್. ಹೆದರಿ ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಫೋನು ಮಾಡತೊಡಗಿದ. ತನಗೆ ಬುದ್ಧಿ ಹೇಳುವವರು ಬೇಕೆಂದಲ್ಲ, ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂದು! ಹಾಗೆ ಸಿಕ್ಕಿದವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಆ ಇಬ್ಬರಿಂದ ಹುಟ್ಟಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್, ನಾವು ಎ.ಎ. ಎನ್ನುವ ಸಂಘ. ನಮ್ಮ ಧರ್ಮಸಭೆಯ ಕೈಯೂ ಅದರಲ್ಲಿದೆ. ಅದೇ ಊರಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಶಿಯಾ ಎಂಬ ಕನ್ಯಾಸ್ತ್ರೀ 1939ರಲ್ಲಿ ಕುಡುಕ ರೋಗಿಗಳನ್ನು ಸೇರಿಸಿಕೊಳ್ಳತೊಡಗಿದರು. ಕುಡುಕರಿಗೆ ಹಾಸಿಗೆ ಕೊಡಲು ಆಸ್ಪತ್ರೆಗಳು ಹಿಂಜರಿಯುತ್ತಿದ್ದ ಕಾಲವದು. ಹೂವು ಜೋಡಿಸಿಡುವ ಸಣ್ಣ ಕೋಣೆಗೆ ಒಬ್ಬ ರೋಗಿಯ ಮಂಚ ತಳ್ಳಿಸಿದರಂತೆ. ಬಿಡುಗಡೆಯಾಗಿ ಹೊರಡುವವರ ಕೈಗೆ ಯೇಸುವಿನ ಪವಿತ್ರ ಹೃದಯದ ಒಂದು ಬಿಲ್ಲೆ ಕೊಟ್ಟು, ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಬಂದು ಇದನ್ನು ನನಗೆ ಹಿಂದಿರುಗಿಸಿ, ಆಮೇಲೆ ಕುಡಿಯಿರಿ ಎನ್ನುತ್ತಿದ್ದರು. ಜಾಣ ಸಿಸ್ಟರ್! ಹಿಂದಿರುಗಿಸಲು ಬಂದವನು ಮಾತಾಡದೆ ಹೋಗಲಾರನಲ್ಲ.

ಮಾದಕವಸ್ತುಗಳಿಗೆ ಸಿಕ್ಕಿಬಿದ್ದವರಿಗಾಗಿ ಇದೇ ಮಾದರಿಯಲ್ಲಿ ನಾರ್ಕೊಟಿಕ್ಸ್ ಅನಾನಿಮಸ್ ಎಂಬ ಸಂಘ 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ಮುಂಬಯಿಯ ಧರ್ಮಗುರು ಫಾದರ್ ಜೋ ಪಿರೇರಾ 1981ರಲ್ಲಿ ಬಾಂದ್ರಾದಲ್ಲಿ ಕೃಪಾ ಫೌಂಡೇಶನ್ ತೆರೆದರು. ತಾವೇ ಕುಡಿತದಿಂದ ಎದ್ದು ಬಂದವರೆಂದು ಅವರು ಮುಚ್ಚಿಟ್ಟಿಲ್ಲ. ನಮ್ಮ ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಯೋಗವನ್ನು ಈ ಚಿಕಿತ್ಸೆಗೆ ಜೋಡಿಸಿದರು. 2009ರಲ್ಲಿ ಪದ್ಮಶ್ರೀ ಬಂತು.

ನಮ್ಮ ಕರಾವಳಿಗೂ ಇದು ಹೊಸತಲ್ಲ. ಶ್ರೀ ಕ್ಷೇತ್ರ ಧರ್ಮಸ್ಥಳದ ಯೋಜನೆಯವರು ಜನಜಾಗೃತಿ ವೇದಿಕೆಯ ಮೂಲಕ ಸಾವಿರಕ್ಕೂ ಮಿಕ್ಕಿ ಮದ್ಯವರ್ಜನ ಶಿಬಿರಗಳನ್ನು ನಡೆಸಿದ್ದಾರೆ. ಶಿಬಿರದ ಕೆಲವು ದಿನಗಳಿಗಿಂತಲೂ ನನಗೆ ಮುಖ್ಯವಾಗಿ ಕಾಣುವುದು ಅದರ ಬಳಿಕದ ನವಜೀವನ ಸಮಿತಿ. ಕುಡಿತ ಬಿಟ್ಟವರೇ ಊರೂರಲ್ಲಿ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಕೂಟ ಅದು. ಅವರಿಂದ ಕಲಿಯಲು ನಮಗೆ ಸಂಕೋಚ ಬೇಡ. ಚಿಕಿತ್ಸೆಗೆ ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಇದೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮನೋರೋಗ ವಿಭಾಗವಿದೆ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಆದರೆ ಆಸ್ಪತ್ರೆಯವರು ಒಬ್ಬನನ್ನು ಕೆಲವು ವಾರ ಇಟ್ಟುಕೊಳ್ಳಬಲ್ಲರು. ಆಮೇಲಿನ ಸಾವಿರ ರಾತ್ರಿಗಳು ಅವನದ್ದು, ಅವನ ಮನೆಯವರದ್ದು. ಜೊತೆಗಾರನ ಅಗತ್ಯ ಆಗ.

ಈಗ ಸ್ವಲ್ಪ ಖಾರವಾದ ಮಾತು. ಅಫೀಮು ಜಾತಿಯ ವ್ಯಸನಕ್ಕೆ ವೈದ್ಯರು ಬುಪ್ರೆನಾರ್ಫಿನ್ ಎಂಬ, ನಾಲಗೆಯ ಕೆಳಗೆ ಇಡುವ ಮಾತ್ರೆ ಕೊಡುತ್ತಾರೆ. ಕೆಲವು ಕಡೆ ಮೆಥಡೋನ್ ಎಂಬ ದ್ರವ ಕೊಡುತ್ತಾರೆ. ಇವೂ ಅದೇ ಕುಟುಂಬದವು ನಿಜ. ಆದರೆ ಏರಿಳಿತವಿಲ್ಲದೆ ಸೆಳೆತವನ್ನು ಹಿಡಿದಿಡುತ್ತವೆ. ಮನುಷ್ಯ ಕೆಲಸಕ್ಕೆ ಹೋಗಬಲ್ಲ, ಊಟ ಮಾಡಬಲ್ಲ, ನಿದ್ರಿಸಬಲ್ಲ. 2005ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಇವೆರಡನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಚಿಕಿತ್ಸೆ ಮುಂದುವರಿಸಿದವರಲ್ಲಿ ಸಾವು ಬಹಳ ಕಡಿಮೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಹೀಗಿರುವಾಗ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಬಿದ್ದ ಎಂದು ಅವನನ್ನು ಹೀಯಾಳಿಸುವವರು ಮನೆಯೊಳಗೇ ಇರುತ್ತಾರೆ. ಕೆಲವೊಮ್ಮೆ ಬಿಟ್ಟವರ ಕೂಟಗಳಲ್ಲೇ ಮಾತ್ರೆ ತಿನ್ನುವವನನ್ನು ಪೂರ್ತಿ ಬಿಟ್ಟವನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನು ಕೆಲವು ಭಕ್ತರು, ದೇವರ ಮೇಲೆ ವಿಶ್ವಾಸವಿದ್ದರೆ ಮಾತ್ರೆ ಏಕೆ ಎನ್ನುತ್ತಾರೆ. ಸಕ್ಕರೆ ಕಾಯಿಲೆಯ ಅಜ್ಜಿಗೆ ನಾವು ಹೀಗೆ ಹೇಳುತ್ತೇವೆಯೇ? ಕೃಪೆಯು ಪ್ರಕೃತಿಯನ್ನು ಬದಿಗೆ ತಳ್ಳದೆ ಅದರ ಮೇಲೆಯೇ ಕಟ್ಟುತ್ತದೆಂಬುದು ನಮ್ಮ ದೈವಶಾಸ್ತ್ರದ ಹಳೆಯ ಪಾಠ. ಮಾತ್ರೆ ಇಳಿಸುವುದು, ನಿಲ್ಲಿಸುವುದು ವೈದ್ಯರ ಮಾತು. ಜೊತೆಗಾರನದ್ದಲ್ಲ, ಪಾದ್ರಿಯದ್ದೂ ಅಲ್ಲ.

ಇನ್ನೊಂದು. ನಮ್ಮ ಧ್ಯಾನಕೂಟಗಳಲ್ಲಿ ಸಾಕ್ಷಿ ಹೇಳಿಸುವ ರೂಢಿಯಿದೆ, ಒಳ್ಳೆಯದೇ. ಆದರೆ ಬಿಟ್ಟು ಆರು ವಾರವಾದ ಹುಡುಗನನ್ನು ಮೈಕಿನ ಮುಂದೆ ನಿಲ್ಲಿಸಿ ಐನೂರು ಜನರಿಂದ ಚಪ್ಪಾಳೆ ತಟ್ಟಿಸುವುದನ್ನು ದಯವಿಟ್ಟು ನಿಲ್ಲಿಸೋಣ. ನಾಳೆ ಅವನು ಜಾರಿದರೆ ಯಾವ ಮುಖ ಹೊತ್ತು ಸಹಾಯ ಕೇಳಲು ಬರುತ್ತಾನೆ? ಚಪ್ಪಾಳೆ ತಟ್ಟಿದವರೆಲ್ಲ ಅವನ ಸಾಲಗಾರರಾಗುವ ಬದಲು ಅವನೇ ಅವರೆಲ್ಲರ ಸಾಲಗಾರನಾಗುತ್ತಾನೆ. ಆರು ಕುರ್ಚಿ, ಒಂದು ಕೆಟಲ್ ಚಹಾ, ಮುಚ್ಚಿದ ಬಾಗಿಲು, ಅವನ ಸಾಕ್ಷಿಗೆ ತಕ್ಕ ಸ್ಥಳ ಇಷ್ಟೇ. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕು.

ಪಾಪನಿವೇದನೆಯ ಬಗ್ಗೆ ತಾಯಂದಿರು ನನ್ನನ್ನು ಕೇಳುವುದುಂಟು: “ಫಾದರ್, ಮತ್ತೆ ಮತ್ತೆ ಬೀಳುವವನಿಗೆ ಕ್ಷಮೆ ಇದೆಯಾ?” ಉತ್ತರಕ್ಕೆ ಒಬ್ಬ ಸಂತರ ಕಥೆಯಿದೆ. ಚೀನಾದ ಮಾರ್ಕ್ ಜಿ ತಿಯಾನ್‌ಶಿಯಾಂಗ್ ವೈದ್ಯರಾಗಿದ್ದರು. ಬಡವರಿಗೆ ದುಡ್ಡಿಲ್ಲದೆ ಮದ್ದು ಕೊಡುತ್ತಿದ್ದರು. ಹೊಟ್ಟೆಯ ಕಾಯಿಲೆಗೆಂದು ತಾವೇ ಅಫೀಮು ತೆಗೆದುಕೊಂಡು ಅದಕ್ಕೆ ಸಿಕ್ಕಿಬಿದ್ದರು. ಪಾಪನಿವೇದನೆ ಮಾಡಿದರು, ಬಿದ್ದರು, ಮತ್ತೆ ಮಾಡಿದರು. ನಿಜವಾದ ಪಶ್ಚಾತ್ತಾಪವಿದ್ದರೆ ಬಿಡುತ್ತಿದ್ದ ಎಂದು ಭಾವಿಸಿದ ಗುರು, ಬಿಡುವ ತನಕ ಬರಬೇಡ ಎಂದರು. ಆ ಗುರುವನ್ನು ನಾನು ನಿಂದಿಸಲಾರೆ, ಇದು ಕಾಯಿಲೆಯೆಂಬ ತಿಳಿವಳಿಕೆ ಆ ಕಾಲಕ್ಕೆ ಇರಲಿಲ್ಲ. ಮಾರ್ಕ್ ಸುಮಾರು ಮೂವತ್ತು ವರ್ಷ ಪರಮಪ್ರಸಾದವಿಲ್ಲದೆ ಬಾಳಿದರು, ದೇವಾಲಯಕ್ಕೆ ಬರುವುದನ್ನು ಮಾತ್ರ ಬಿಡಲಿಲ್ಲ. ವ್ಯಸನವೂ ಬಿಡಲಿಲ್ಲ. 1900ರ ಬಾಕ್ಸರ್ ದಂಗೆಯಲ್ಲಿ ಮಗ, ಸೊಸೆಯಂದಿರು, ಮೊಮ್ಮಕ್ಕಳೊಂದಿಗೆ ಸೆರೆ ಸಿಕ್ಕಿದರು. ಕ್ರಿಸ್ತರನ್ನು ನಿರಾಕರಿಸಲಿಲ್ಲ. ತನ್ನನ್ನು ಕಟ್ಟಕಡೆಗೆ ಕೊಲ್ಲಿರಿ ಎಂದು ಬೇಡಿಕೊಂಡರು, ಮನೆಯವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದೆಂದು. 2000ದ ಅಕ್ಟೋಬರ್ 1ರಂದು ಪೋಪ್ ಎರಡನೇ ಜಾನ್ ಪಾಲ್ ಚೀನಾದ 120 ಮಂದಿ ರಕ್ತಸಾಕ್ಷಿಗಳನ್ನು ಸಂತರೆಂದು ಸಾರಿದಾಗ ಅವರಲ್ಲಿ ಈ ಅಫೀಮು ವ್ಯಸನಿಯೂ ಇದ್ದರು.

ಮೂವತ್ತು ವರ್ಷ ಅವರಿಗೆ ಒಬ್ಬ ಜೊತೆಗಾರನಿದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ತಾಯಂದಿರ ಪ್ರಶ್ನೆಗೆ ಬರುತ್ತೇನೆ. ಪಾಪನಿವೇದನೆಯಲ್ಲಿ ಬೇಕಾದದ್ದು ಬಿಡುವ ಸಂಕಲ್ಪ. ಇನ್ನು ಬೀಳುವುದೇ ಇಲ್ಲ ಎಂಬ ಭವಿಷ್ಯವಾಣಿಯಲ್ಲ. ಇವೆರಡನ್ನೂ ಒಂದೇ ಎಂದು ತಿಳಿಯಬಾರದು. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಮಾದಕವಸ್ತುಗಳ ಸೇವನೆ ಗಂಭೀರ ಅಪರಾಧವೆನ್ನುತ್ತದೆ. ಅಭ್ಯಾಸ, ಭಯ, ಮನಸ್ಸಿನ ಸ್ಥಿತಿ ಇವು ಮನುಷ್ಯನ ಹೊಣೆಯನ್ನು ಕುಗ್ಗಿಸಬಲ್ಲವು ಎಂದೂ ಹೇಳುತ್ತದೆ. ಚಿಕಿತ್ಸೆಗೆ ಹೋಗಲು ಒಪ್ಪಿದ ಮಗನ ಆ ಒಪ್ಪಿಗೆಯೇ ಸಂಕಲ್ಪದ ಗುರುತು. ಕರೆದುಕೊಂಡು ಬನ್ನಿ.

ಮನೆಯವರು ತಿಳಿದಿರಲೇಬೇಕಾದ ಒಂದು ಅಪಾಯವಿದೆ. ಚಿಕಿತ್ಸಾ ಕೇಂದ್ರದಿಂದಲೋ ಜೈಲಿನಿಂದಲೋ ಬಂದವನ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಹಿಂದೆ ತೆಗೆದುಕೊಂಡಷ್ಟೇ ಒಂದು ಸಲ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ಮೊದಲ ಕೆಲವು ವಾರಗಳೇ ಹೆಚ್ಚು ಭಯದ ಕಾಲ. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ ಗೊರಗೊರ ಸದ್ದು ಬಂದು, ತುಟಿ ನೀಲಿಯಾದರೆ ನಿದ್ದೆ ಮಾಡಲಿ ಎಂದು ಬಿಡಬೇಡಿ. ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನು ಮಾಡಿ, ಏನು ತೆಗೆದುಕೊಂಡಿದ್ದಾನೆಂದು ಮುಚ್ಚಿಡದೆ ಹೇಳಿ. ನಲಾಕ್ಸೋನ್ ಎಂಬ ಚುಚ್ಚುಮದ್ದು ಸಕಾಲಕ್ಕೆ ಸಿಕ್ಕರೆ ಜೀವ ಉಳಿಯುತ್ತದೆ. ಮಾನಕ್ಕೆ ಅಂಜಿ ಕಳೆಯುವ ಹತ್ತು ನಿಮಿಷಕ್ಕೆ ಬೆಲೆ ಕಟ್ಟಲಾಗದು.

ಪೊಲೀಸರ ಭಯವೂ ಅನೇಕರನ್ನು ಆಸ್ಪತ್ರೆಯಿಂದ ದೂರವಿಡುತ್ತದೆ. ಸೇವನೆಗಾಗಿ ಅಥವಾ ಸಣ್ಣ ಪ್ರಮಾಣಕ್ಕಾಗಿ ಮೊಕದ್ದಮೆ ಬಿದ್ದ ವ್ಯಸನಿ, ಸ್ವಇಚ್ಛೆಯಿಂದ ಸರಕಾರಿ ಅಥವಾ ಸರಕಾರದ ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಕೊಡುವ 64ಎ ಕಲಂ 1985ರ ಕಾಯ್ದೆಯಲ್ಲಿದೆ. ಮೊದಲು ಮಾತಾಡಲು ಹೆಸರು ಹೇಳದೆಯೂ ಫೋನು ಮಾಡಬಹುದು: ವ್ಯಸನಕ್ಕೆ 14446, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416. ಎರಡನೆಯದರಲ್ಲಿ ಕನ್ನಡದಲ್ಲೇ ಉತ್ತರ ಸಿಗುತ್ತದೆ.

ಕೊನೆಗೆ ನಿಮ್ಮಲ್ಲಿ ಕೆಲವರಿಗೆ ಮಾತ್ರ ಒಂದು ಮಾತು. ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇಂತಹ ಒಬ್ಬಿಬ್ಬರು ಇರುತ್ತಾರೆ. ಹಿಂದೆ ಗಲ್ಫಿನಲ್ಲೋ ಮುಂಬಯಿಯಲ್ಲೋ ಸಿಕ್ಕಿಬಿದ್ದು, ಬಿಡಿಸಿಕೊಂಡು, ಈಗ ಯಾರಿಗೂ ಹೇಳದೆ ಹಿಂದಿನ ಬೆಂಚಿನಲ್ಲಿ ಕುಳಿತಿರುವವರು. ಊರಿಗೆ ಹೇಳಿ ಎಂದು ನಾನು ಕೇಳುವುದಿಲ್ಲ. ನನ್ನ ಬಳಿಗೆ ಬನ್ನಿ. ಒಬ್ಬ ಹುಡುಗನಿಗೆ ರಾತ್ರಿ ಒಂಬತ್ತಕ್ಕೆ ಫೋನು ಮಾಡುವವರು ಬೇಕಾಗಿದೆ. ಸಾಲ ಕೊಡಬೇಕಾಗಿಲ್ಲ, ಕೊಡಲೂ ಬಾರದು. ಬಿಟ್ಟು ವರ್ಷ ತುಂಬದವರು ಈ ಹೊಣೆ ಹೊರುವ ಅವಸರ ಮಾಡಬೇಡಿ, ಇಬ್ಬರೂ ಜಾರಿಯಾರು. ಅಂಥವರು ಬಂದು ಕುಳಿತರೆ ಸಾಕು. ಗುರುವಾರ ಸಂಜೆ ಶಾಲೆಯ ಹಿಂಬದಿಯ ಕೋಣೆಯ ಬೀಗ ತೆಗೆದಿರುತ್ತೇನೆ. ಚಹಾ ಇರುತ್ತದೆ, ಹೆಸರು ಬರೆಯುವ ಪುಸ್ತಕ ಇರುವುದಿಲ್ಲ. ಆರಂಭವಾದ ಮೇಲೆ ನಾನೂ ಅಲ್ಲಿ ಕುಳಿತುಕೊಳ್ಳುವುದಿಲ್ಲ.